ಅವನು ಸುತ್ತಿದ ಪಿಕಪ್

ಜೋರಾಗಿ ಕೇಳಿದ್ದೆಲ್ಲ ಚೆನ್ನಾಗಿದೆ ಎಂದು ನಂಬಿದ್ದ ಕಿವಿ ನನ್ನದು. ಚಿಂತಾಮಣಿ, ಗೌರಿಬಿದನೂರಿನ ಆರತಕ್ಷತೆಗಳಲ್ಲಿ, ಡ್ರಮ್ಮು ಕೀಬೋರ್ಡುಗಳ ಗದ್ದಲದ ನಡುವೆ ನನ್ನ ಗಿಟಾರ್ ಒಂಚೂರು ಕೇಳಿಸಿದರೆ ಸಾಕಪ್ಪಾ ಎಂದು ವರ್ಷಗಟ್ಟಲೆ ಒದ್ದಾಡಿದವನು ನಾನು.

ಒಮ್ಮೆ ನನ್ನ ಎಲೆಕ್ಟ್ರಿಕ್ ಗಿಟಾರಿನ ಪಿಕಪ್ ಸತ್ತುಹೋಯಿತು. ತಂತಿಗಳ ಕಂಪನವನ್ನು ಹಿಡಿದು ಆಂಪ್ಲಿಫೈಯರಿಗೆ ಕಳಿಸುವ ಭಾಗ ಅದು: ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯ ಸಾವಿರಾರು ಸುತ್ತು. "ಇಷ್ಟೇನಾ? ತಗೊಂಬಾ, ನಾನ್ ಸುತ್ಕೊಡ್ತೀನಿ" ಎಂದ ಶಿಡ್ಲಘಟ್ಟದ ಗೆಳೆಯ. ಅವನದು ರೇಷ್ಮೆಗೂಡಿನಿಂದ ನೂಲು ಬಿಚ್ಚುವ ಮನೆತನ. ಸುತ್ತುವಾಗ ತಂತಿ ಎಷ್ಟೋ ಸಲ ತುಂಡಾಯಿತು. ಪ್ರತಿ ಸಲವೂ ರೇಷ್ಮೆ ಎಳೆಗೆ ಹಾಕುವಂತೆ ಪುಟ್ಟ ಗಂಟು ಹಾಕಿ ಮುಂದುವರಿಸಿದ. ಗಂಟು ಕಣ್ಣಿಗೂ ಕಾಣದು, ಅಷ್ಟು ನಾಜೂಕು. ಗಿಟಾರಿಗೆ ಹಾಕಿದರೆ ಉಸಿರೇ ಇಲ್ಲ! ತಾಮ್ರದ ಮೇಲಿನ ವಾರ್ನಿಷ್ ಕೆರೆಯದೆ ಗಂಟು ಹಾಕಿದರೆ ಕರೆಂಟ್ ದಾಟುವುದಿಲ್ಲ ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕೆವು. ಪೂರ್ತಿ ಬಿಚ್ಚಿ, ಕೆರೆದು, ಬೆಸುಗೆ ಹಾಕಿ ಮತ್ತೆ ಸುತ್ತಿದ. ಅಷ್ಟರಲ್ಲಿ ತಂತಿ ಹಾಳಾಗಿ ಸುತ್ತು ಕಡಿಮೆಯಾಗಿತ್ತು. ದನಿ ಬಂತು, ಆದರೆ ಮೆತ್ತಗೆ.

ಮೂರು ವರ್ಷ ಅದರಲ್ಲೇ ನುಡಿಸಿದೆ. ಆಮೇಲೆ ಬೆಂಗಳೂರಿನಿಂದ ಜೋರು ದನಿ ಕೊಡುವ ಹೈ ಔಟ್‌ಪುಟ್ ಪಿಕಪ್ ತಂದು, ಅವನನ್ನೇ ಎದುರಿಗೆ ಕೂರಿಸಿಕೊಂಡು ಎರಡನ್ನೂ ಹೋಲಿಸಿದೆ. ಅದೇ ಆಂಪ್ಲಿಫೈಯರ್, ವಾಲ್ಯೂಮ್ ನಾಲ್ಕಕ್ಕೆ, ಅದೇ ತಂತಿ, ಅದೇ ಹೊಡೆತ. ಹೊಸದು ಕಿಟಕಿಯ ಗಾಜು ನಡುಗಿಸಿತು.

"ನಿಂದು ಪಿಸುಗುಡುತ್ತೆ ಕಣೋ, ಮದ್ವೆ ಮನೇಲಿ ಯಾರಿಗ್ ಕೇಳುತ್ತೆ?" ಎಂದೆ.

"ಹೌದು ಬಿಡಪ್ಪ" ಎಂದು ನಕ್ಕು, ತನ್ನದನ್ನು ತಾನೇ ಕಾಗದದಲ್ಲಿ ಮಡಿಸಿ ನನ್ನ ಕೈಗಿಟ್ಟು ಹೋದ. ಎಂಥ ಮೂಢ ನಾನು!

ಅವನು ತೀರಿಕೊಂಡು ಎರಡು ವರ್ಷವಾಯಿತು. ಎದೆನೋವು ಎಂದವನು ಆಸ್ಪತ್ರೆ ಮುಟ್ಟಲಿಲ್ಲ. ಚಿಕ್ಕಬಳ್ಳಾಪುರದ ನಿಲ್ದಾಣದಲ್ಲಿ ಶಿಡ್ಲಘಟ್ಟದ ಬಸ್ಸು ಕಂಡರೆ ಸಾಕು, ಹತ್ತಿಕೊಂಡು ಹೋಗಿಬಿಡೋಣ ಅನ್ನಿಸುತ್ತದೆ. ಹೋಗಿ ಯಾರ ಮುಂದೆ ಕೂರಲಿ? ಅವನು ಬೇಕು ನನಗೆ, ಅಷ್ಟೇ.

ಕಳೆದ ಭಾನುವಾರ ಬೆಳಿಗ್ಗೆ ತಡೆಯಲಾರದೆ ಅವನ ಪಿಕಪ್ಪನ್ನು ಹುಡುಕಿ ಮತ್ತೆ ಹಾಕಿದೆ. ಈಗ ನಾನು ಗಿಟಾರ್ ಕಲಿಸುತ್ತೇನೆ. ಎರಡು ದನಿಗಳನ್ನು ಹೋಲಿಸುವ ಮೊದಲು ಎರಡನ್ನೂ ಒಂದೇ ಮಟ್ಟಕ್ಕೆ ತರಬೇಕು ಎಂದು ಕಲಿಯುವವರಿಗೆಲ್ಲ ಹೇಳುತ್ತೇನೆ. ಅವತ್ತು ನಾನೇ ಅದನ್ನು ಮಾಡಿರಲಿಲ್ಲ. ವಾಲ್ಯೂಮನ್ನು ಏಳರವರೆಗೆ ಏರಿಸಿದೆ. ಅವನದೂ ಹೊಸದರಷ್ಟೇ ಜೋರಾಯಿತು. ಅಯ್ಯೋ, ಒಂದೊಂದು ತಂತಿಯೂ ಬಿಡಿಬಿಡಿಯಾಗಿ ಕೇಳಿಸಿತು. ಹೊಸದರಲ್ಲಿ ಅದೆಲ್ಲ ಕಲಸಿ ಮುದ್ದೆಯಾಗುತ್ತಿತ್ತು.

ಸುಮ್ಮನಿರಲಾಗಲಿಲ್ಲ. ಅವನ ಹೆಂಡತಿಗೆ ಫೋನ್ ಮಾಡಿ, ಅದನ್ನು ಆಂಪ್ಲಿಫೈಯರಿನ ಮುಂದೆ ಇಟ್ಟು ನುಡಿಸಿದೆ. "ಕೇಳಿದ್ಯೇನಮ್ಮ? ಅವನು ಸುತ್ತಿದ್ದೇ ಚೆನ್ನಾಗಿದೆ" ಎಂದೆ.



"‘ನನ್ ಕೆಲ್ಸದಿಂದ ಮದ್ವೆ ಮನೆಗಳಲ್ಲಿ ಅವನ ಮರ್ಯಾದೆ ಹೋಯ್ತು, ಮೂರು ವರ್ಷ ಪಾಪ ಬಾಯ್ಬಿಟ್ಟು ಹೇಳ್ಲಿಲ್ಲ’ ಅಂತ ನಿಮ್ಮನ್ನ ನೆನೆಸ್ಕೊಂಡು ನಮ್ಮನೆಯವ್ರು ಎಷ್ಟು ದಿನ ಕೊರಗಿದ್ರು ಗೊತ್ತಾ ಅಣ್ಣ?" ಎಂದಳು ಆಕೆ. "ಈ ಮಾತು ಅವರಿಗೇ ಹೇಳ್ಬಾರ್ದಾಗಿತ್ತಾ?"