ಶನಿವಾರ ಅಳುವ ಡಿಯೊಲಿಂಡಾ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಪ್ರಾಯಾ ವೆಲ್ಯಾ ಎಂಬ ಕಡಲತೀರದ ಮರಳಿನ ಮೇಲೆ ಡಿಯೊಲಿಂಡಾ ಮಣೆ ಹಾಕಿ ಕೂತು ಕರಪಾವ್ ಮೀನಿನ ಹೊಟ್ಟೆ ಸೀಳುತ್ತಿದ್ದಾರೆ. ಚೂರಿಯ ಒಂದೇ ಎಳೆತಕ್ಕೆ ಮೀನು ಎರಡು ಹೋಳಾಗಿ ಬಿಚ್ಚಿಕೊಳ್ಳುತ್ತದೆ. ಕರುಳು ಬಕೆಟ್ಟಿಗೆ, ಮೀನು ಉಪ್ಪುನೀರಿನ ತೊಟ್ಟಿಗೆ. ಬಕೆಟ್ಟಿನ ಸುತ್ತ ಕಡಲಹಕ್ಕಿಗಳ ಗದ್ದಲ. "ಥೂ, ಹೋಗ್ರೇ ಆಚೆ! ನಿಮ್ಮಪ್ಪ ಹಿಡಿದು ತಂದದ್ದಾ?" ಎಂದು ಬೈಯುತ್ತಲೇ ಹೆಗಲ ಮೇಲಿನ ಶಾಲು ಬೀಸುತ್ತಾರೆ. ಬಿಸಿಲು ಏರುವ ಹೊತ್ತಿಗೆ ಬಲೆ ಬಿಗಿದ ಚೌಕಟ್ಟುಗಳ ಮೇಲೆ ಮೀನೆಲ್ಲ ಸಾಲಾಗಿ ಹರಡಿರಬೇಕು. ಉತ್ತರದ ಗಾಳಿ ಬೀಸಿದರೆ ಎರಡು ದಿನಕ್ಕೆ ಒಣಗಿತು. ಇಲ್ಲದಿದ್ದರೆ ಬೆಕ್ಕುಗಳಿಗೆ ಹಬ್ಬ.

ಇದು ವಾರವಿಡೀ ಮಾಡುವ ಕೆಲಸ. ಬೇಸಿಗೆಯ ಶನಿವಾರಗಳಲ್ಲಿ ಇವರಿಗೆ ಇನ್ನೊಂದು ಕೆಲಸವಿದೆ. ಅಳುವುದು.

ನೋಡಲು ಬರುವ ಪ್ರವಾಸಿಗರಿಗಾಗಿ ಊರಿನ ಆಡಳಿತ ಹಳೆಯ ಕಾಲದ ಮೀನುಗಾರಿಕೆಯನ್ನು ಕಡಲತೀರದಲ್ಲಿ ಆಡಿ ತೋರಿಸುತ್ತದೆ. ಬಣ್ಣದ ಕಣ್ಣು ಬರೆದ ಮರದ ದೋಣಿ ಅಲೆ ದಾಟಿ ಹೋಗಿ, ರಂಪಣಿಯಂಥ ದೊಡ್ಡ ಬಲೆ ಬಿಟ್ಟು ಬರುತ್ತದೆ. ಬಂದವರು ಹಗ್ಗ ಹಿಡಿದು ನಗುನಗುತ್ತ ಬಲೆ ಎಳೆಯುತ್ತಾರೆ. ದೋಣಿ ಹಿಂದಿರುಗುವುದು ತಡವಾದಂತೆ ತೋರಿಸುವ ಹೊತ್ತಿನಲ್ಲಿ ಕಪ್ಪು ಶಾಲಿನ ಹೆಂಗಸೊಬ್ಬಳು ಮರಳಿಗೆ ಮೊಣಕಾಲೂರಿ ಎದೆ ಬಡಿದುಕೊಂಡು ಗೋಳಿಡಬೇಕು. ಆ ಹೆಂಗಸು ಡಿಯೊಲಿಂಡಾ. ದೋಣಿಯಲ್ಲಿರುವ ನಾಲ್ವರಲ್ಲಿ ಒಬ್ಬ ಇವರ ಗಂಡ ಅಬೀಲಿಯೊ.

"ಗಂಡ ಗಟ್ಟಿಮುಟ್ಟಾಗಿರುವಾಗಲೇ ಸತ್ತ ಅಂತ ಅಳ್ತೀಯಲ್ಲೇ, ಒಳ್ಳೇದಲ್ಲ ಕಣೇ," ಎಂದು ಪಕ್ಕದ ಚೌಕಟ್ಟಿನಲ್ಲಿ ಮೀನು ಒಣಗಿಸುವ ಕುಸ್ಟೋಡಿಯಾ ಮೊದಲಿನಿಂದಲೂ ಎಚ್ಚರಿಸುತ್ತಿದ್ದಳು. ಅಬೀಲಿಯೊಗೆ ಮಾತ್ರ ಅದು ತಮಾಷೆ. ಶನಿವಾರ ಬೂಟು ಹಾಕಿಕೊಳ್ಳುತ್ತ, "ಇವತ್ತು ಸ್ವಲ್ಪ ಜೋರಾಗೇ ಅಳೇ. ಹೋದ ವಾರ ನಂಗೆ ದೋಣಿಗೆ ಕೇಳಿಸಲೇ ಇಲ್ಲ," ಎನ್ನುತ್ತಿದ್ದರು. "ನೀನು ಸ್ವಲ್ಪ ನಿಜವಾಗಿ ಮುಳುಗು, ಆಗ ನೋಡು ನನ್ನ ಗಂಟಲು," ಎಂದು ಇವರ ಉತ್ತರ.

ಆ ಅಳುವನ್ನು ಡಿಯೊಲಿಂಡಾಗೆ ಯಾರೂ ಹೇಳಿಕೊಡಲಿಲ್ಲ. ಅದು ಅವರ ತಾಯಿಯದು. ಡಿಯೊಲಿಂಡಾ ಇನ್ನೂ ಅಮ್ಮನ ಲಂಗ ಹಿಡಿದು ನಡೆಯುವ ಮಗುವಾಗಿದ್ದಾಗ, ಇದೇ ಮರಳಿಗೆ ಅಪ್ಪನ ದೋಣಿ ಅಪ್ಪನಿಲ್ಲದೆ ಬಂದು ತಾಗಿತ್ತು. "ಅಮ್ಮ ಅವತ್ತು ಮಾಡಿದ ಸದ್ದು ಕಿವಿಯಿಂದ ಹೋಗಿಲ್ಲ. ಶನಿವಾರ ಬಾಯಿ ತೆಗೆದ್ರೆ ಅದೇ ಬರುತ್ತೆ. ನಾನೇನೂ ಮಾಡಲ್ಲ," ಎನ್ನುತ್ತಾರೆ. ತಾಯಿ ಮೀನು ಒಣಗಿಸಿಯೇ ಮೂರು ಹೆಣ್ಣುಮಕ್ಕಳನ್ನು ಸಾಕಿದರು. ಚೂರಿ ಹಿಡಿಯುವುದೂ ಅಲ್ಲಿಂದಲೇ ಬಂದದ್ದು, ಅಳುವುದೂ ಅಲ್ಲಿಂದಲೇ.

ಕಳೆದ ತಿಂಗಳ ಒಂದು ಶನಿವಾರ ಎಲ್ಲ ತಲೆಕೆಳಗಾಯಿತು.

ಕಡಲು ಅವತ್ತು ಅಂಥ ಒರಟಾಗಿಯೇನೂ ಇರಲಿಲ್ಲ. ದೋಣಿ ಬಲೆ ಬಿಟ್ಟು ತಿರುಗಿತು. ಅದರ ಮೂತಿಗೆ ಕಟ್ಟಿದ ಹಗ್ಗದ ತುದಿಯನ್ನು ದಡಕ್ಕೆ ಎಸೆದದ್ದೂ ಆಯಿತು. ಡಿಯೊಲಿಂಡಾ ಮೊಣಕಾಲೂರಿ ಇನ್ನೇನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಅಡ್ಡ ಅಲೆಯೊಂದು ಎದ್ದು ದೋಣಿಯನ್ನು ಮಗುಚಿಹಾಕಿತು. ಮೂರು ತಲೆ ಮೇಲೆ ಬಂದವು. ನಾಲ್ಕನೆಯದು ಕಾಣಲಿಲ್ಲ. ವಾಪಸು ಹೋಗುವ ನೀರು ಕವುಚಿದ ದೋಣಿಯನ್ನು ಒಳಕ್ಕೆ ಸೆಳೆಯತೊಡಗಿತು.

ದೋಣಿ ಎಳೆಯಲು ಟ್ರಾಕ್ಟರ್ ಇದೆ. ಆದರೆ ಶನಿವಾರ ಅದನ್ನು ಮೀನಿನ ಶೆಡ್ಡಿನ ಹಿಂದೆ ಬಚ್ಚಿಡುತ್ತಾರೆ, ಹಳೆಯ ಕಾಲದ ಫೋಟೊದಲ್ಲಿ ಟ್ರಾಕ್ಟರ್ ಕಾಣಬಾರದೆಂದು. ಅದನ್ನು ಓಡಿಸುವವನು ಕಾಫಿ ಕುಡಿಯಲು ಹೋಗಿದ್ದ. ದಡದಲ್ಲಿದ್ದವರು ಟೋಪಿ ಹಾಕಿದ ಪರದೇಶದವರು. ಅವರೆಲ್ಲ ಚಪ್ಪಾಳೆ ತಟ್ಟುತ್ತಿದ್ದರು.

"ಅವರಿಗೆ ಹೇಗೆ ಹೇಳೋದು ಅಂತ್ಲೇ ತಿಳೀಲಿಲ್ಲ," ಎನ್ನುತ್ತಾರೆ ಡಿಯೊಲಿಂಡಾ. "'ನಿಜ, ನಿಜ' ಅಂತ ಕಿರುಚಿದೆ. ಅವರು ನನ್ನ ಫೋಟೊ ತೆಗೆದ್ರು."

ಆಮೇಲೆ ಅವರು ಹೇಳುವುದನ್ನು ಬಿಟ್ಟರು. ಎದುರಿಗಿದ್ದ ಬೋಳುತಲೆಯ ದಪ್ಪ ಮನುಷ್ಯನ ಅಂಗಿ ಹಿಡಿದು ಎಳೆದು ದೋಣಿಯ ಹಗ್ಗವನ್ನು ಅವನ ಕೈಗೆ ತುರುಕಿದರು. ಅವನ ಹೆಂಡತಿಯನ್ನೂ ಎಳೆದರು. ಯಾರದೋ ಬೆನ್ನಿಗೆ ಗುದ್ದಿದರು. ಬಂದವರಿಗೆ ಖುಷಿಯೋ ಖುಷಿ. ಆಟದ ಹಗ್ಗ ಎಳೆಯುವ ಸರದಿ ಬಂತೆಂದು ಅವರು ನಗುತ್ತ, ತಮ್ಮ ತಮ್ಮ ಭಾಷೆಯಲ್ಲಿ ಒಂದು ಎರಡು ಎಣಿಸುತ್ತ ಎಳೆದರು. ಬೋಳುತಲೆಯವನು ಎಲ್ಲರಿಗಿಂತ ಮುಂದೆ, ಮಂಡಿಯವರೆಗೆ ನೀರಲ್ಲಿ ನಿಂತಿದ್ದ. ಹಗ್ಗ ಅವನ ಅಂಗೈಯಲ್ಲಿ ಜಾರಿತು. ಆದರೂ ಬಿಡಲಿಲ್ಲ.

ದೋಣಿ ಮರಳಿಗೆ ತಾಗಿತು. ಮೇಲೆ ಬಂದಿದ್ದ ಮೂವರು ಸೇರಿ ಅದನ್ನು ಎತ್ತಿ ಮಗುಚಿದರು. ದೋಣಿಯಲ್ಲಿ ಉಳಿದಿದ್ದ ಬಲೆಯ ಕಣ್ಣಿಗೆ ಕಾಲು ಸಿಕ್ಕಿಕೊಂಡ ಅಬೀಲಿಯೊ ಅಡಿಯಿಂದ ಹೊರಗೆ ಉರುಳಿ, ಬೊಗಸೆಗಟ್ಟಲೆ ಉಪ್ಪುನೀರು ಕಾರಿಕೊಂಡರು.

ಚಪ್ಪಾಳೆ ಮತ್ತೂ ಜೋರಾಯಿತು. ಒಬ್ಬ ಹೆಂಗಸು ತನ್ನ ಕ್ಯಾಮೆರಾ ತೋರಿಸಿ, ಇನ್ನೊಂದು ಸಲ ಮಾಡಿ ಎಂದು ಕೈಸನ್ನೆ ಮಾಡಿದಳು.

ಆಡಳಿತ ಕಚೇರಿಯಿಂದ ಪ್ರದರ್ಶನ ನೋಡಿಕೊಳ್ಳುವ ಸಾಲೊಮೆ ಎಂಬ ಹುಡುಗಿ ಆಗ ತೀರದ ಇನ್ನೊಂದು ತುದಿಯಲ್ಲಿದ್ದಳು. ಓಡಿ ಬಂದವಳು ಕೇಳಿದ ಮೊದಲ ಮಾತು, "ಡೋನಾ ಡಿಯೊಲಿಂಡಾ, ಇವತ್ತು ಅಳೋದೇ ಮರೆತುಬಿಟ್ರಾ?" ಒದ್ದೆ ಮರಳಲ್ಲಿ ಬಿದ್ದಿದ್ದ ಅಬೀಲಿಯೊರ ಮುಖ ನೋಡಿದ ಮೇಲೆ ಅವಳೂ ಕೂತು ಅವರ ಕಾಲಿನ ಬಲೆ ಬಿಡಿಸತೊಡಗಿದಳು.

ಸಾಲೊಮೆ ಕೇಳಿದ ಆ ಮಾತೇ ಡಿಯೊಲಿಂಡಾರನ್ನು ಈಗಲೂ ಕೊರೆಯುತ್ತಿದೆ. ಅವತ್ತು ಅವರು ನಿಜವಾಗಿಯೂ ಅಳಲಿಲ್ಲ. ಮನೆಗೆ ಹೋದ ಮೇಲೂ ಅಳಲಿಲ್ಲ. ಎಲೆಕೋಸಿನ ಸಾರು ಕುದಿಸಿದರು, ಗಂಡನ ಬೆನ್ನು ಒರೆಸಿದರು, "ಮುದಿಯಾ, ಬಲೆ ಮೇಲೆ ಕಾಲಿಡ್ತಾರಾ ಯಾರಾದ್ರೂ?" ಎಂದು ಹಿಗ್ಗಾಮುಗ್ಗಾ ಬೈದರು. ಅಬೀಲಿಯೊ ಬಟ್ಟಲು ಬರಿದಾಗುವವರೆಗೆ ಸಾರು ಕುಡಿದರು.

"ಸುಳ್ಳಿಗೆ ಅಳ್ತೀನಿ, ಧಾರಾಕಾರ ನೀರು ಬರುತ್ತೆ. ನಿಜಕ್ಕೆ ಒಂದು ಹನಿ ಇಲ್ಲ. ಇದೇನು ಇದು? ಹಾಗಾದ್ರೆ ಅಮ್ಮ ಅತ್ತದ್ದು ಹೇಗೆ? ನಂಗೆ ಇವನ ಮೇಲೆ ಪ್ರೀತಿ ಇಲ್ವಾ, ಏನು ಕಥೆ?" ಎಂದು ಚೂರಿ ಹಿಡಿದ ಕೈಯನ್ನೇ ಮಾತಾಡಿಸಲು ಬಂದ ನಮ್ಮತ್ತ ಚಾಚಿ ಕೇಳುತ್ತಾರೆ. ಕುಸ್ಟೋಡಿಯಾ ಪಕ್ಕದಿಂದ, "ಅಳೋಕೆ ಪುರುಸೊತ್ತು ಬೇಕು ಕಣೇ. ನಿಂಗೆ ಪುರುಸೊತ್ತು ಎಲ್ಲಿತ್ತು?" ಎನ್ನುತ್ತಾಳೆ. ಡಿಯೊಲಿಂಡಾ ತಲೆಯಾಡಿಸುತ್ತಾರೆ. ಒಪ್ಪಿದ ಹಾಗೆ ಕಾಣುವುದಿಲ್ಲ.

ಟ್ರಾಕ್ಟರ್ ಈಗ ಶನಿವಾರವೂ ಮರಳಿನ ಮೇಲೆ ಎಲ್ಲರ ಕಣ್ಣಿಗೆ ಬೀಳುವಂತೆ ನಿಲ್ಲುತ್ತದೆ. ಫೋಟೊ ಕೆಟ್ಟರೆ ಕೆಡಲಿ ಎಂದು ಡಿಯೊಲಿಂಡಾ ಹಟ ಹಿಡಿದು ಮಾಡಿಸಿದ್ದು. ಅಬೀಲಿಯೊ ಮತ್ತೆ ದೋಣಿ ಹತ್ತುತ್ತಾರೆ. ಇವರು ಮತ್ತೆ ಮೊಣಕಾಲೂರುತ್ತಾರೆ, ಅಳುತ್ತಾರೆ. ಆದರೆ ಈಗ ಕಣ್ಣು ಮುಚ್ಚಿ ಅಳುವುದಿಲ್ಲ. ಅಳುತ್ತಲೇ ದೋಣಿಯಲ್ಲಿರುವ ತಲೆ ಎಣಿಸುತ್ತಾರಂತೆ.

ಆ ಬೋಳುತಲೆಯವನು ದೋಣಿ ಮಗುಚಿದ ಮರುದಿನ ಭಾನುವಾರ ಒಣಮೀನು ಕೊಳ್ಳಲು ಇವರಲ್ಲಿಗೇ ಬಂದ. ಎರಡೂ ಅಂಗೈಗೆ ಬಟ್ಟೆ ಸುತ್ತಿತ್ತು. ಅದನ್ನು ಎತ್ತಿ ತೋರಿಸಿ, ನಿಮ್ಮ ಆಟ ಬಲು ಜೋರಪ್ಪ ಎಂಬಂತೆ ನಕ್ಕ. ಡಿಯೊಲಿಂಡಾ ಅವನ ಕೈ ಹಿಡಿದುಕೊಂಡು, "ಅದು ಆಟ ಅಲ್ಲಪ್ಪಾ. ನೀನು ಎಳೆದು ತಂದದ್ದು ನನ್ನ ಗಂಡನ್ನ," ಎಂದರು. ಅವನಿಗೆ ಅರ್ಥವಾಗಲಿಲ್ಲ. ಬೆಲೆ ಹೇಳುತ್ತಿದ್ದಾರೆಂದುಕೊಂಡು ಜೇಬಿಗೆ ಕೈ ಹಾಕಿದ. ಇವರು ಬೇಡವೆಂದು ಎರಡೂ ಕೈ ಆಡಿಸಿ, ಕೈಗೆ ಸಿಕ್ಕಷ್ಟು ಮೀನನ್ನು ಕಾಗದದಲ್ಲಿ ಸುತ್ತಿ ಕೊಟ್ಟರು. ಅವನು ಗಲಿಬಿಲಿಯಾಗಿ ಮೀನನ್ನು ನೋಡಿದ, ಇವರನ್ನು ನೋಡಿದ, ಬಾಗಿ ನಮಸ್ಕರಿಸಿ ಬಸ್ಸಿನ ಕಡೆ ನಡೆದ.

"ಯಾವ ದೇಶದವನೋ, ಹೆಸರೇನೋ, ಒಂದೂ ಗೊತ್ತಿಲ್ಲ," ಎನ್ನುತ್ತಾರೆ ಡಿಯೊಲಿಂಡಾ, ಇನ್ನೊಂದು ಮೀನನ್ನು ಮಣೆಗೆ ಎಳೆದುಕೊಳ್ಳುತ್ತ. "ಯಾರಾದ್ರೂ ಅವನ ಭಾಷೇಲಿ ಅವನಿಗೆ ಹೇಳ್ಬೇಕು. ಆಟ ಆಡಿ ಕೈ ಸುಲ್ಕೊಂಡೆ ಅಂತ ಅಂದ್ಕೊಂಡೇ ಇರ್ತಾನೆ, ಪಾಪ."