ಅಮ್ಮನ ಬೆರಳು ತಿದ್ದಬೇಡಿ

ಅಮ್ಮ ತೀರಿಕೊಂಡ ಮೇಲೆ ಅವಳು ಮೈಕೈ ಆಡಿಸುವ ಚಿತ್ರ ಅಂತ ನಮಗೆ ಉಳಿದದ್ದು ನನ್ನ ಮದುವೆ ಡಿವಿಡಿಯ ಮೊದಲ ತುಣುಕು ಮಾತ್ರ. ಅದೂ ವಿಡಿಯೋದವನು ಕ್ಯಾಮೆರಾ ಸರಿಯಿದೆಯಾ ಅಂತ ನೋಡಲು ತೆಗೆದದ್ದು. ಶಿಡ್ಲಘಟ್ಟದ ಮನೆಯ ಹಿಂದಿನ ಶೆಡ್ಡಿನಲ್ಲಿ, ಮಗಳ ಮದುವೆಯ ಬೆಳಿಗ್ಗೆಯೂ, ಅಮ್ಮ ಕುದಿನೀರಿನ ಮುಂದೆ ಕೂತು ಗೂಡಿನಿಂದ ರೇಷ್ಮೆ ಎಳೆ ಬಿಚ್ಚುತ್ತಿದ್ದಳು. ಗೂಡು ಮುಹೂರ್ತಕ್ಕೆ ಕಾಯುವುದಿಲ್ಲ. ತಡವಾದರೆ ಚಿಟ್ಟೆ ಕೊರೆದುಕೊಂಡು ಹೊರಬರುತ್ತದೆ, ಎಳೆಯೆಲ್ಲ ತುಂಡು.

ತಮ್ಮನ ಮಗಳ ನಿಶ್ಚಿತಾರ್ಥದಲ್ಲಿ ಈ ತುಣುಕನ್ನು ದೊಡ್ಡ ಪರದೆಯ ಮೇಲೆ ಹಾಕಲೇಬೇಕೆಂದು ನಾನು ಹಟ ಹಿಡಿದೆ. ತಮ್ಮ ಅದನ್ನು ದೊಡ್ಡದು ಮಾಡಲು ಇದ್ದ ಹಾಗೇ ಎಐ ಸಾಫ್ಟ್‌ವೇರಿಗೆ ತುರುಕಿದ. ಬಂದದ್ದನ್ನು ನೋಡಿ ನನಗೆ ಪಿತ್ತ ನೆತ್ತಿಗೇರಿತು. ಆ ಕಾಲದ ಡಿವಿಡಿಯ ಒಂದೊಂದು ಚಿತ್ರದಲ್ಲೂ ಎರಡು ಕ್ಷಣಗಳು ಸಾಲು ಬಿಟ್ಟು ಸಾಲು ಹೆಣೆದುಕೊಂಡಿರುತ್ತವೆ. ಕೈ ಬೀಸಿದರೆ ಅಂಚೆಲ್ಲ ಬಾಚಣಿಗೆ ಹಲ್ಲು. ಎಐ ಆ ಹಲ್ಲುಗಳನ್ನೇ ನಿಜವೆಂದು ನಂಬಿ ಅಮ್ಮನ ಕೈಗೆ ಬೆರಳುಗಳ ಗೊಂಚಲು ಅಂಟಿಸಿತ್ತು.

"ಬಿಡಕ್ಕ, ಅಷ್ಟೊಂದು ಯಾರು ನೋಡ್ತಾರೆ?" ಅಂದ ತಮ್ಮ.

"ನಾನು ನೋಡ್ತೀನಿ ಕಣೋ."

ಕೂತು ಕಲಿತೆ. ಮೊದಲು ಹೆಣಿಗೆ ಬಿಡಿಸಬೇಕು, ದೊಡ್ಡದು ಮಾಡುವುದು ಆಮೇಲೆ. ಯಾವ ಸಾಲು ಮುಂಚಿನದು ಎಂಬುದನ್ನು ಮೊದಲ ಸಲ ತಪ್ಪಾಗಿ ಕೊಟ್ಟೆ, ಅಮ್ಮನ ಕೈ ಮುಂದೆ ಹೋಗಿ ಹಿಂದೆ ಬಂದು ನಡುಗಿತು. ಬದಲಿಸಿದೆ. ಒಂದೊಂದು ಚಿತ್ರವೂ ಎರಡಾಗಿ ಬಿಡಿಸಿಕೊಂಡಿತು. ಕೈ ನೀರಿಗಿಳಿದು, ಎಳೆಯ ತುದಿ ಹಿಡಿದು, ಅವಳದೇ ಚುರುಕಿನಲ್ಲಿ ಮೇಲೆದ್ದಿತು. ನನಗೆ ಅಳು ತಡೆಯಲಾಗಲಿಲ್ಲ.

ಅದನ್ನು ಎಐಗೆ ಕೊಟ್ಟೆ. ಈಗ ಬೆರಳು ಐದೇ ಇದ್ದವು, ಆದರೆ ಊದಿದ ಗಂಟುಗಳಿಲ್ಲ, ಬೆಂದು ಬಿಳಿಚಿದ ತುದಿಗಳಿಲ್ಲ. ಕೆಲಸವನ್ನೇ ಕಾಣದ ಯಾವಳದೋ ಕೈ. ತಿದ್ದುವ ಪ್ರಮಾಣವನ್ನು ತೀರಾ ಕೆಳಗಿಳಿಸಿದೆ. ಚಿತ್ರ ಒಂಚೂರು ಮಸುಕಾಯಿತು, ಕೈ ಅಮ್ಮನದಾಯಿತು.

"ಆ ನುಣುಪಾಗಿರೋದೇ ಇರ್ಲಿ ಅಕ್ಕ. ಬೀಗರು ಏನಂದ್ಕೊಳ್ತಾರೆ?" ನಮ್ಮದು ರೇಷ್ಮೆ ವ್ಯಾಪಾರ ಎಂದಷ್ಟೇ ಅವರಿಗೆ ಹೇಳಿದ್ದ ಭೂಪ.

"ಏನ್ ಬೇಕಾದ್ರೂ ಅಂದ್ಕೊಳ್ಲಿ. ಆ ಕೈಯಿಂದ ಉಂಡೋರು ನಾವು. ಅದನ್ನ ಬಚ್ಚಿಡಕ್ಕೆ ನಾನು ಒಪ್ಪಲ್ಲ. ಇದನ್ನೇ ಹಾಕು, ಇಲ್ಲಾಂದ್ರೆ ನಾನು ಬರಲ್ಲ."

ಸೋದರತ್ತೆ ಬಾರದ ನಿಶ್ಚಿತಾರ್ಥ ಊರ ಬಾಯಿಗೆ ಬೀಳುತ್ತದೆಂದು ಅವನಿಗೆ ಗೊತ್ತು. ಗೊಣಗಿಕೊಂಡೇ ಒಪ್ಪಿದ.

ಚಿಂತಾಮಣಿಯ ಕಲ್ಯಾಣ ಮಂಟಪದಲ್ಲಿ ಆ ಕೈ ಆಳೆತ್ತರಕ್ಕೆ ಕಾಣಿಸಿಕೊಂಡಿತು. ಗೌರಿಬಿದನೂರಿನಿಂದ ಬಂದಿದ್ದ ಬೀಗಿತ್ತಿ ತಮ್ಮನ ಕಡೆ ತಿರುಗಿ, "ಯಾರಣ್ಣ ಅವರು? ಬೆರಳಿಗೇನಾಗಿದೆ?" ಎಂದು ಕೇಳಿದರು. ತಮ್ಮ ನನ್ನ ಮುಖ ನೋಡಿದ. ನಾನು ಪರದೆಯ ಕಡೆ ತಿರುಗಿದೆ. ಅವನ ಬಾಯಿಂದಲೇ ಬರಲಿ.

"ನಮ್ಮಮ್ಮ," ಅಂದ. "ರೇಷ್ಮೆ ಬಿಚ್ತಿದ್ರು. ಬಿಸಿನೀರಲ್ಲಿ ಬೆಂದಿರೋದು."

ಆಕೆ ಕುರ್ಚಿ ಮುಂದಕ್ಕೆಳೆದುಕೊಂಡರು. ಆಮೇಲೆ, "ಇನ್ನೊಂದ್ಸಲ ಹಾಕ್ಸಣ್ಣ, ನಾನು ಅವರ ಮುಖಾನೇ ನೋಡ್ಲಿಲ್ಲ," ಎಂದರು.

ತಮ್ಮ ತಾನೇ ಎದ್ದು ಹೋಗಿ ಮೊದಲಿನಿಂದ ಹಾಕಿಸಿದ.