ಮೊರದಲ್ಲಿ ಕೇರಿದ ಮಣ್ಣು

ನಿಧಿ, ನಿನ್ನ ಗಾಜಿನ ಪೆಟ್ಟಿಗೆಯ ಹುಳುಗಳನ್ನು ಕೊಂದವಳು ನಾನು. ನೀನಲ್ಲ. ನೀನು ನೀರು ಹೆಚ್ಚು ಹಾಕಿರಲೇ ಇಲ್ಲ. ಕೊಂದದ್ದು ನಿನ್ನ ಅಮ್ಮ — ಕೊಂದ ಮೇಲೆ ಸುಳ್ಳು ಹೇಳಿದ್ದೂ ಅವಳೇ.

ಆಗ ನೀನು ಒಂಬತ್ತನೇ ಕ್ಲಾಸು. ಪಾಲಾರಿವಟ್ಟಂನ ನಮ್ಮ ಫ್ಲ್ಯಾಟಿನಲ್ಲಿ, ಟಿ.ವಿ.ಯ ಪಕ್ಕ ಆ ಪೆಟ್ಟಿಗೆ: ಒದ್ದೆ ಮಣ್ಣು, ಪಾಚಿ, ಒಣ ಎಲೆ, ಒಂದು ಪುಟ್ಟ ಜರಿಗಿಡ, ಜೊತೆಗೆ ಒಂದು ಹಲ್ಲಿ. ಗೋಡೆ ತುಂಬ ಹಲ್ಲಿ ಇರುವಾಗ ಅಂಗಡಿಯಿಂದ ಹಲ್ಲಿ ತಂದವಳು ಇಡೀ ಎರ್ನಾಕುಲಂನಲ್ಲಿ ನನ್ನ ಮಗಳೊಬ್ಬಳೇ ಎಂದು ನಾನು ಕೆಲಸ ಮಾಡುವ ಬ್ಯಾಂಕಿನಲ್ಲೆಲ್ಲ ಹೇಳಿ ನಗುತ್ತಿದ್ದೆ. ಎಲೆಗಳ ಅಡಿಯಲ್ಲಿ ಅಕ್ಕಿಕಾಳಿನಷ್ಟು ಗಾತ್ರದ, ಬೂದು ಬಣ್ಣದ, ಹತ್ತಾರು ಕಾಲಿನ ಹುಳುಗಳಿದ್ದವು. ಐಸೋಪಾಡ್ ಅಂದೆ ನೀನು. ಹಲ್ಲಿಯ ಹಿಕ್ಕೆ, ಬೂಷ್ಟು, ಕೊಳೆತ ಎಲೆ ಎಲ್ಲವನ್ನೂ ತಿಂದು ಪೆಟ್ಟಿಗೆಯನ್ನು ಶುಚಿಯಾಗಿಡುವುದು ಅವೇ ಅಂದೆ. ನಾನು ಬೀನ್ಸ್ ಮುರಿಯುತ್ತ ಹೂಂಗುಟ್ಟಿದೆ.

ವಿಜ್ಞಾನ ಶಿಬಿರಕ್ಕೆಂದು ನೀನು ಹತ್ತು ದಿನ ತಿರುವನಂತಪುರಕ್ಕೆ ಹೋದೆ. ದಿನಕ್ಕೊಮ್ಮೆ ನೀರು ಚಿಮುಕಿಸಬೇಕು, ಬೇರೇನೂ ಮುಟ್ಟಬಾರದು — ಹೇಳಿದ್ದು ಇಷ್ಟೇ. ಆದರೆ ಕಾಸರಗೋಡಿನಿಂದ ನನ್ನ ಅತ್ತಿಗೆ ಬರುವವರಿದ್ದರು. ಮನೆಯ ನಡುವೆ ಹುಳು! ಹುಳು ಹಿಡಿದ ಹೆಸರುಕಾಳಿಗೆ ಮಾಡುವುದನ್ನೇ ಆ ಮಣ್ಣಿಗೂ ಮಾಡಿದೆ. ಹೆದರುತ್ತ ಹೆದರುತ್ತ ಹಲ್ಲಿಯನ್ನು ಬಕೆಟ್ಟಿಗೆ ದಾಟಿಸಿ, ಮಣ್ಣನ್ನು ತಾರಸಿಯಲ್ಲಿ ಹರಡಿ, ಎರಡು ದಿನ ಬಿಸಿಲಿಗೆ ಹಾಕಿ, ಮೊರದಲ್ಲಿ ಕೇರಿದೆ. ಒಣಗಿದ ಹುಳುಗಳು ಹೊಟ್ಟಿನಂತೆ ಹಾರಿಹೋದವು.

ನೀನು ಹೇಳಿದ್ದು ನೆನಪಾಗಲಿಲ್ಲವೇ — ನೆನಪಾಯಿತು, ಮಗಾ. ಕೇರುತ್ತಿರುವಾಗಲೇ ನೆನಪಾಯಿತು. ಆಗ ಮೊರ ಕೆಳಗಿಟ್ಟಿದ್ದರೆ ಒಂದೆರಡಾದರೂ... ಗೊತ್ತಿಲ್ಲ. ನಾನು ಇಡಲಿಲ್ಲ. ಪೆಟ್ಟಿಗೆಗೆ ಮತ್ತೆ ಮಣ್ಣು ತುಂಬಿ, ನೀರು ಚಿಮುಕಿಸಿ, ಎಲೆಗಳನ್ನು ಮೊದಲಿನಂತೆಯೇ ಹಾಸಿ, ಹಲ್ಲಿಯನ್ನೂ ಒಳಗೆ ಬಿಟ್ಟೆ.

ನೀನು ಬರುವಷ್ಟರಲ್ಲಿ ಮಣ್ಣಿನ ಮೇಲೆ ಬಿಳಿ ಬೂಷ್ಟು ಕಟ್ಟಿತ್ತು, ವಾಸನೆಯೂ ಬರುತ್ತಿತ್ತು. ಚೀಲವನ್ನೂ ಇಳಿಸದೆ ಚಮಚದಿಂದ ಮಣ್ಣು ಕೆದಕಿದೆ. ಒಂದೂ ಸಿಗಲಿಲ್ಲ. ನನ್ನ ಕಡೆ ತಿರುಗಿ ಮಲಯಾಳಂನಲ್ಲಿ ಕೇಳಿದೆ, "ಅಮ್ಮ ಎಂದೆಂಗಿಲುಂ ಚೆಯ್ತೋ?"

ಏನಾದರೂ ಮಾಡಿದೆಯಾ ಎಂದು ಕೇಳಿದೆ, ಅಷ್ಟೇ. ದೂರಲಿಲ್ಲ. ನಾನು ಹೇಳಿದೆ:

"ನಾನೆಂತದೂ ಮಾಡ್ಲಿಲ್ಲ ಮಗಾ. ನೀನೇ ಹೋಗುವಾಗ ನೀರು ಜಾಸ್ತಿ ಹಾಕಿದ್ದೋ ಏನೋ."

ನೀನು ನಂಬಿದೆ. ಅಮ್ಮ ಹೇಳಿದ್ದಲ್ಲವೇ! ವಾರದೊಳಗೆ ಹಲ್ಲಿಯನ್ನು ಗೆಳತಿಗೆ ಕೊಟ್ಟುಬಿಟ್ಟೆ. ಪ್ರಾಣಿಗಳ ಡಾಕ್ಟರಾಗುತ್ತೇನೆ ಎನ್ನುತ್ತಿದ್ದವಳು ಮುಂದೆ ಕಾಮರ್ಸ್ ತೆಗೆದುಕೊಂಡೆ. ಅದಕ್ಕೂ ಇದಕ್ಕೂ ಸಂಬಂಧ ಇತ್ತೋ — ಕೇಳುವ ಧೈರ್ಯ ನನಗೆ ಬರಲೇ ಇಲ್ಲ.

ಕಳೆದ ತಿಂಗಳು ತಿರುವನಂತಪುರದ ತುಂಬ ಎಂಬಲ್ಲಿ ನೀನಿರುವ ಬಾಡಿಗೆ ಮನೆಗೆ ಬಂದೆನಲ್ಲ. ಬಾಗಿಲಲ್ಲಿ ಬೆಕ್ಕಿನ ಮರಿ. ನೀನು ಹಾಲಿಟ್ಟೆ, ಅದು ಕುಡಿಯುವವರೆಗೂ ಕುಕ್ಕರಗಾಲಲ್ಲಿ ಕೂತಿದ್ದೆ. ಒಳಗೆ ಕರೆದುಕೊಳ್ಳೋಣ ಎಂದು ನಾನು ಎತ್ತಿಕೊಂಡರೆ, "ವೇಂಡಮ್ಮಾ, ಎಂಡೆ ಕೈಯಿಲ್ ಒನ್ನುಂ ವಾಳಿಲ್ಲ" ಅಂದೆ. ಬೇಡಮ್ಮಾ, ನನ್ನ ಕೈಯಲ್ಲಿ ಯಾವುದೂ ಬದುಕುವುದಿಲ್ಲ ಎಂದು. ನಗುತ್ತಲೇ ಹೇಳಿದೆ. ಬಾಗಿಲು ಮುಚ್ಚಿದ ಮೇಲೂ ನೀನು ಕಿಟಕಿಯಿಂದ ಅದನ್ನೇ ನೋಡುತ್ತಿದ್ದೆ.

ಆ ಮಾತು ನನ್ನದು, ಮಗಾ. ನಿನ್ನ ಬಾಯಲ್ಲಿ ಅದನ್ನು ಇಟ್ಟವಳು ನಾನು. ನಿನ್ನ ಕೈಯಲ್ಲಿ ಆ ಹುಳುಗಳು ಚೆನ್ನಾಗಿ ಬದುಕಿದ್ದವು — ಮರಿ ಹಾಕಿದ್ದವು, ನೀನೇ ಕುಣಿಯುತ್ತ ತೋರಿಸಿದ್ದೆ.

ನಿನಗೆ ಕನ್ನಡ ಅರ್ಥವಾಗುತ್ತದೆ, ಓದಲು ಬಾರದು. ಇಷ್ಟನ್ನೂ ಧೈರ್ಯವಾಗಿ ಕನ್ನಡದಲ್ಲಿ ಬರೆದದ್ದು ಅದಕ್ಕೇ ಇರಬೇಕು — ಇಲ್ಲೂ ಬಚ್ಚಿಟ್ಟುಕೊಳ್ಳಲು ಜಾಗ ಹುಡುಕಿದ್ದೇನೆ. ಆದ್ದರಿಂದ ಇದನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ಬೆಳಗಿನ ರೈಲಿಗೆ ಹೊರಡುತ್ತೇನೆ. ನಿನ್ನೆದುರು ಕೂತು, ಮೊದಲ ಸಾಲಿನಿಂದ, ಗಟ್ಟಿಯಾಗಿ ಓದುತ್ತೇನೆ. ಆಮೇಲೆ ಬೆಕ್ಕಿಗೆ ಬಾಗಿಲು ತೆರೆಯುವುದೋ, ನನಗೆ ಮುಚ್ಚುವುದೋ, ನಿನಗೆ ಬಿಟ್ಟದ್ದು.